ಬಾಗಿಲು ತೆರೆಸಿದವರು: 1918ರ ಮುಂಬಯಿಯಲ್ಲಿ ಒಂದು ಸೇವಾಸಂಘದ ವರ್ಷ

1918ರ ಅಕ್ಟೋಬರ್ 6, ಭಾನುವಾರ. ನವರಾತ್ರಿ ಆಗಷ್ಟೇ ಶುರುವಾಗಿತ್ತು. ಆ ಒಂದೇ ದಿನ ಮುಂಬಯಿ ನಗರದಲ್ಲಿ 768 ಮಂದಿ ಸತ್ತರೆಂದು ದಾಖಲೆ ಹೇಳುತ್ತದೆ. ಆಗ ನಗರದ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಯುದ್ಧದಿಂದಾಗಿ ವೈದ್ಯರಲ್ಲಿ ಅನೇಕರು ಸೇನೆಯ ಕೆಲಸಕ್ಕೆ ಹೋಗಿದ್ದರು. ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲದು. ಇನ್‌ಫ್ಲುಯೆಂಜಾಕ್ಕೆ ನಿಜವಾದ ಔಷಧಿ ಯಾರ ಬಳಿಯೂ ಇರಲಿಲ್ಲ.

ಆ ದಿನಗಳಲ್ಲಿ ಪರೇಲ್, ಲಾಲ್‌ಬಾಗ್ ಕಡೆಯ ಚಾಳುಗಳ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಒಳಗೆ ಎಷ್ಟು ಜನ ಮಲಗಿದ್ದಾರೆಂದು ಕೇಳಿ, ಔಷಧಿ, ಹಾಲು, ಕಂಬಳಿ ಕೊಟ್ಟು ಬರುತ್ತಿದ್ದವರಲ್ಲಿ ಹೆಚ್ಚಿನವರು ಸರಕಾರಿ ನೌಕರರಲ್ಲ. ಕಾಲೇಜು ಹುಡುಗರು, ಶಾಲಾ ಮಾಸ್ತರರು, ಗುಮಾಸ್ತರು, ಬಿಡುವು ಮಾಡಿಕೊಂಡ ಖಾಸಗಿ ವೈದ್ಯರು. ಹಲವು ಸಂಘಗಳು ಈ ಕೆಲಸಕ್ಕೆ ಇಳಿದಿದ್ದವು. ಅವುಗಳಲ್ಲಿ ಒಂದು, ಆಗ ಏಳು ವರ್ಷ ತುಂಬಿದ್ದ ಸೋಶಿಯಲ್ ಸರ್ವಿಸ್ ಲೀಗ್. ಈ ಬರಹ ಆ ಸಂಘದ ಒಂದು ವರ್ಷದ ಕತೆ.

ಒಂದು ವರ್ಷವನ್ನೇ ಆಯ್ದುಕೊಳ್ಳಲು ಕಾರಣವಿದೆ. ಸೇವಾಸಂಘಗಳ ಇತಿಹಾಸ ಸಾಮಾನ್ಯವಾಗಿ ಸ್ಥಾಪಕರ ಭಾವಚಿತ್ರಗಳಲ್ಲಿ, ಬೆಳ್ಳಿಹಬ್ಬದ ಸ್ಮರಣಸಂಚಿಕೆಗಳಲ್ಲಿ ಉಳಿಯುತ್ತದೆ. ಆದರೆ ಸಂಘ ಯಾವುದಕ್ಕೆ ಉಪಯೋಗ, ಎಲ್ಲಿ ಅದರ ಕೈ ಮುಟ್ಟುವುದಿಲ್ಲ ಎಂಬುದು ತಿಳಿಯುವುದು ಕಷ್ಟದ ವರ್ಷದಲ್ಲಿ. 1918 ಅಂಥದೊಂದು ವರ್ಷ.

ಇಪ್ಪತ್ತೆರಡು ವರ್ಷ ಹಿಂದೆ, ಮುಚ್ಚಿದ ಬಾಗಿಲು

ಮೆಟ್ಟಿಲು ಹತ್ತಿ ಹೋದವರಿಗೆ ಬಾಗಿಲು ತೆರೆಯಿತು ಎಂಬುದು ಸಣ್ಣ ಸಂಗತಿಯಲ್ಲ. ಅದು ಎಷ್ಟು ದೊಡ್ಡದೆಂದು ತಿಳಿಯಲು 1896ಕ್ಕೆ ಹೋಗಬೇಕು.

ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗ್ ಪತ್ತೆಯಾಯಿತು. ಮನೆಮನೆ ತಪಾಸಣೆ, ರೋಗಿಗಳನ್ನು ಎಳೆದೊಯ್ದು ಆಸ್ಪತ್ರೆಗೆ ಹಾಕುವುದು, ಮನೆಯವರನ್ನು ಬೇರ್ಪಡಿಸುವುದು, ಸಾಮಾನು ಸುಡುವುದು ಶುರುವಾಯಿತು. ಆರ್ಥರ್ ರೋಡ್ ಆಸ್ಪತ್ರೆಗೆ ಹೋದವರು ಜೀವಂತ ಬರುವುದಿಲ್ಲವೆಂಬ ಮಾತು ಹಬ್ಬಿತು. ಅಕ್ಟೋಬರಿನಲ್ಲಿ ಗಿರಣಿ ಕೆಲಸಗಾರರ ದೊಡ್ಡ ಗುಂಪೊಂದು ಆ ಆಸ್ಪತ್ರೆಯ ಮೇಲೆಯೇ ನುಗ್ಗಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಪುಣೆಯಲ್ಲಿ ಸೋಲ್ಜರುಗಳು ಮನೆಯೊಳಗೆ ಹೊಕ್ಕರು. ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಗುಂಡು ಹಾರಿತು. 1898ರ ಮಾರ್ಚ್‌ನಲ್ಲಿ ಮುಂಬಯಿಯ ನೇಕಾರರ ಬಡಾವಣೆಯಲ್ಲಿ, ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗಿಯನ್ನು ತಪಾಸಣೆಯವರು ಒಯ್ಯಲು ಬಂದಾಗ ಗಲಭೆಯೇ ಆಯಿತು.

ಇಷ್ಟನ್ನು ಕಂಡ ಊರಿನಲ್ಲಿ ಕಾಯಿಲೆಯ ಹೆಸರು ಹೇಳಿಕೊಂಡು ಬಂದವರಿಗೆ ಬಾಗಿಲು ತೆರೆಯುವುದೆಂದರೆ ಎಷ್ಟು ಕಷ್ಟದ ಮಾತು! ರೋಗಿಯನ್ನು ಗೋಣಿಚೀಲದ ಹಿಂದೆ, ಅಟ್ಟದ ಮೇಲೆ ಬಚ್ಚಿಡುತ್ತಿದ್ದ ಕಾಲದವರು 1918ರಲ್ಲಿ ಇನ್ನೂ ಬದುಕಿದ್ದರು. ಅವರ ಮಕ್ಕಳು ಅದೇ ಖೋಲಿಗಳಲ್ಲಿ ಇದ್ದರು.

ನಿಜ, 1918ರಲ್ಲಿ ಸರಕಾರ ಬಲಾತ್ಕಾರ ಮಾಡಲಿಲ್ಲ. ಮಾಡುವಷ್ಟು ಜನವೂ ಅದರ ಬಳಿ ಇರಲಿಲ್ಲ. ಹರಡುವ ವೇಗ ನೋಡಿದರೆ ರೋಗಿಗಳನ್ನು ಬೇರ್ಪಡಿಸುವುದು ಸಾಧ್ಯವೂ ಇರಲಿಲ್ಲ. ಹೆದರಿಕೆ ಕಡಿಮೆಯಾಗಲು ಅದು ಒಂದು ಕಾರಣ. ಆದರೆ ಹೆದರಿಕೆ ಇಲ್ಲದಿರುವುದೇ ಬೇರೆ, ನಂಬಿಕೆ ಇರುವುದೇ ಬೇರೆ. ಆ ಎರಡನೆಯದು ಎಲ್ಲಿಂದ ಬಂತು?

ಹೊನ್ನಾವರದ ನ್ಯಾಯಮೂರ್ತಿ, ಕೊಂಕಣದ ಮಾಸ್ತರು

ಸೋಶಿಯಲ್ ಸರ್ವಿಸ್ ಲೀಗ್ ಹುಟ್ಟಿದ್ದು 1911ರ ಮಾರ್ಚ್‌ನಲ್ಲಿ. ಅದರ ಅಧ್ಯಕ್ಷರು ಸರ್ ನಾರಾಯಣ ಗಣೇಶ ಚಂದಾವರ್ಕರ್. ಹುಟ್ಟಿದ್ದು ಉತ್ತರ ಕನ್ನಡದ ಹೊನ್ನಾವರದಲ್ಲಿ, 1855ರಲ್ಲಿ. 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ಆಮೇಲೆ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರು, ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್. ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲವೂ ಸೇರಿದ್ದವು. ಹೊನ್ನಾವರದ ಹುಡುಗನಿಗೆ ಮುಂಬಯಿ ಪರವೂರಾದರೂ ಪರಪ್ರಾಂತ್ಯ ಆಗಿರಲಿಲ್ಲ.

ಚಂದಾವರ್ಕರರು ಇದಕ್ಕೂ ಮೊದಲೇ ಇನ್ನೊಂದು ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅಸ್ಪೃಶ್ಯರ ಮಕ್ಕಳಿಗಾಗಿ 1906ರ ಅಕ್ಟೋಬರ್ 18ರಂದು ಶುರುವಾದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅದು. ಅದರ ಮೊದಲ ಶಾಲೆ ತೆರೆದದ್ದು ಪರೇಲಿನಲ್ಲಿ. ಅದರ ಜೀವಾಳ ವಿಠ್ಠಲ ರಾಮಜಿ ಶಿಂದೆ, ನಮ್ಮ ಜಮಖಂಡಿಯಲ್ಲಿ ಹುಟ್ಟಿ ಬೆಳೆದವರು. ಮುಂಬಯಿಯ ಸಮಾಜಸೇವೆಯ ಇತಿಹಾಸವನ್ನು ಮರಾಠಿಗರ, ಪಾರ್ಸಿಗಳ, ಗುಜರಾತಿಗಳ ಇತಿಹಾಸವೆಂದು ಓದುವುದು ರೂಢಿ. ಅದರೊಳಗೆ ಹೊನ್ನಾವರ, ಜಮಖಂಡಿಗಳೂ ಇವೆ.

ಲೀಗಿನ ದಿನನಿತ್ಯದ ಕೆಲಸ ಹೊತ್ತವರು ಕಾರ್ಯದರ್ಶಿ ನಾರಾಯಣ ಮಲ್ಹಾರ ಜೋಶಿ. ಕೊಲಾಬಾ ಜಿಲ್ಲೆಯ ಗೋರೆಗಾಂವದವರು, 1879ರಲ್ಲಿ ಹುಟ್ಟಿದವರು. ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿ, 1909ರಲ್ಲಿ ಗೋಖಲೆಯವರ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಸೇರಿದರು. ಗೋಖಲೆಯವರ ಸೊಸೈಟಿಯಲ್ಲಿ ಭಾಷಣಕ್ಕೆ ಮುಂಚೆ ಅಂಕಿ ಅಂಶ ಕಲಿಯಬೇಕಿತ್ತು. ಆ ಶಿಸ್ತು ಜೋಶಿಯವರಿಗೆ ಜೀವನವಿಡೀ ಅಂಟಿಕೊಂಡಿತು.

ಲೀಗಿನ ಗುರಿಗಳಲ್ಲಿ ಎರಡು ಗಮನಿಸತಕ್ಕವು. ಒಂದು, ಸಮಾಜದ ಸ್ಥಿತಿಯ ಬಗ್ಗೆ ಸಂಗತಿಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡುವುದು. ಇನ್ನೊಂದು, ಜನಸಾಮಾನ್ಯರ ಬದುಕು ಮತ್ತು ಕೆಲಸದ ಪರಿಸ್ಥಿತಿ ಉತ್ತಮಗೊಳ್ಳುವಂತೆ ಮಾಡುವುದು. ಬಡವರಿಗೆ ದಾನ ಕೊಡುವ ಸಂಘಗಳು ಮುಂಬಯಿಯಲ್ಲಿ ಬೇಕಾದಷ್ಟಿದ್ದವು. ‘ಕೆಲಸದ ಪರಿಸ್ಥಿತಿ’ ಎಂಬ ಮಾತು ಬರೆದುಕೊಂಡ ಸಂಘ ಅಪರೂಪ. ಆ ಮಾತು ಮುಂದೆ ಎಲ್ಲಿಗೆ ಒಯ್ಯುತ್ತದೆಂಬುದನ್ನು ಮರೆಯಬೇಡಿ.

ಏಳು ವರ್ಷದ ಸಣ್ಣ ಕೆಲಸಗಳು

1911ರಿಂದ 1918ರವರೆಗೆ ಲೀಗ್ ಮಾಡಿದ್ದು ಯಾವ ಪತ್ರಿಕೆಯ ಮುಖಪುಟಕ್ಕೂ ಬರುವಂಥ ಕೆಲಸವಲ್ಲ. ಗಿರಣಿ ಬಿಟ್ಟ ಮೇಲೆ ಓದು ಕಲಿಯುವವರಿಗೆ ರಾತ್ರಿ ಶಾಲೆ. ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಚಾಳಿನಿಂದ ಚಾಳಿಗೆ ಕಳಿಸುವ ಸಂಚಾರಿ ವಾಚನಾಲಯ. ಮ್ಯಾಜಿಕ್ ಲ್ಯಾಂಟರ್ನ್ ಇಟ್ಟುಕೊಂಡು ನೀರು, ನೊಣ, ಕ್ಷಯದ ಬಗ್ಗೆ ಉಪನ್ಯಾಸ. ಉಚಿತ ದವಾಖಾನೆ. ಓದು ಬರಹ ಬಾರದವರಿಗೆ ಕಾನೂನಿನ ಸಲಹೆ. ಸಣ್ಣಪುಟ್ಟ ತಪ್ಪಿಗೆ ಕೋರ್ಟು ಹತ್ತಿದವರ ಪರವಾಗಿ ಪೊಲೀಸ್ ಕೋರ್ಟಿನಲ್ಲಿ ವಿಚಾರಿಸುವ ಕೆಲಸ. ಹೋಳಿಯಲ್ಲಿ ಕುಡಿತ, ಬೈಗುಳ ಕಡಿಮೆ ಆಗಲೆಂದು ಆಟೋಟ, ಮನರಂಜನೆಯ ಹೋಲಿಕಾ ಸಮ್ಮೇಳನ. ಸಾಲದ ಕುಣಿಕೆಯಿಂದ ಬಿಡಿಸಲು ಸಹಕಾರಿ ಪತ್ತಿನ ಸಂಘಗಳು.

ಇವುಗಳಲ್ಲಿ ಮೇಲುಜಾತಿಯ ವಿದ್ಯಾವಂತರು ಕೆಳಗಿನವರನ್ನು ತಿದ್ದುವ ಧೋರಣೆ ಇಲ್ಲವೆನ್ನಲಾಗದು. ಹೋಳಿ ಆಡುವವರಿಗೆ ಹೋಳಿ ಆಡುವುದನ್ನು ಕಲಿಸಲು ಹೋಗುವುದರಲ್ಲಿ ಆ ಧೋರಣೆ ಎದ್ದು ಕಾಣುತ್ತದೆ. ಆದರೆ ಪತ್ತಿನ ಸಂಘದ ಲೆಕ್ಕ ಬರೆಯುವವನಿಗೆ ಒಂದು ಮನೆಯ ಸಾಲ ಎಷ್ಟು, ಬಡ್ಡಿ ಎಷ್ಟು, ಕಿರಾಣಿ ಅಂಗಡಿಯವನಿಗೆ ಕೊಡಬೇಕಾದ್ದು ಎಷ್ಟು ಎಂಬುದು ತಿಳಿದೇ ತಿಳಿಯುತ್ತದೆ. ರಾತ್ರಿ ಶಾಲೆಯ ಮಾಸ್ತರನಿಗೆ ಯಾರು ಇಂದು ಬಂದಿಲ್ಲ, ಯಾಕೆ ಬಂದಿಲ್ಲ ಎಂಬುದು ಗೊತ್ತಾಗುತ್ತದೆ. ಪುಸ್ತಕದ ಪೆಟ್ಟಿಗೆ ಹೊತ್ತವನಿಗೆ ಯಾವ ಚಾಳಿನಲ್ಲಿ ಎಷ್ಟು ಮೆಟ್ಟಿಲು, ಎಲ್ಲಿ ಕತ್ತಲೆ, ಎಲ್ಲಿ ಮೋರಿ ಕಟ್ಟಿದೆ ಎಂಬುದು ಕಾಲಿಗೇ ಗೊತ್ತು.

ಅಂದಿನ ಮುಂಬಯಿಯ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಒಂದೇ ಖೋಲಿಯ ಮನೆಗಳಲ್ಲಿ ಇದ್ದರು. ಅಡುಗೆ, ನಿದ್ದೆ, ಹೆರಿಗೆ, ಸಾವು ಎಲ್ಲ ಅಲ್ಲಿಯೇ. ಅಂಥ ಖೋಲಿಯ ಬಾಗಿಲಿಗೆ ಪರಿಚಯವಿಲ್ಲದವನು ಬಂದರೆ ಒಳಗೆ ಮರೆ ಎಂಬುದೇ ಇಲ್ಲ. ಪರಿಚಯದವನು ಬಂದರೆ ಮಾತು ಬೇರೆ. ಲೀಗ್ ಏಳು ವರ್ಷದಲ್ಲಿ ಗಳಿಸಿದ್ದು ಈ ಪರಿಚಯವನ್ನು. ಅದನ್ನು ಯಾವ ವರದಿಯ ಖರ್ಚು ವೆಚ್ಚದ ಪಟ್ಟಿಯಲ್ಲಿಯೂ ತೋರಿಸಲಾಗದು.

ವರ್ಷದ ಮೊದಲ ಅರ್ಧ

1917ರ ಡಿಸೆಂಬರ್ 31ರಂದು ಕಲಕತ್ತೆಯಲ್ಲಿ ಅಖಿಲ ಭಾರತ ಸಮಾಜಸೇವಾ ಸಮ್ಮೇಳನ ನಡೆಯಿತು. ಅಧ್ಯಕ್ಷರು ಗಾಂಧೀಜಿ. ಸೇವೆ ಮಾಡುವವರು ಮೊದಲು ಮಾಡಬೇಕಾದ ಕೆಲಸ ತಾಯ್ನುಡಿಗೆ ಮರಳುವುದು ಎಂದು ಅವರು ವಾದಿಸಿದರು. ಮೂರನೇ ದರ್ಜೆಯ ರೈಲು ಪ್ರಯಾಣಿಕರ ಪಾಡನ್ನೂ ಎತ್ತಿದರು. ಯಾರ ಸೇವೆ ಮಾಡುತ್ತೇವೋ ಅವರ ಭಾಷೆ ಆಡದೆ ಸೇವೆ ಹೇಗೆ ಎಂಬ ಪ್ರಶ್ನೆ ಮುಂಬಯಿಯಂಥ ಊರಿನಲ್ಲಿ ಇನ್ನಷ್ಟು ತೀಕ್ಷ್ಣ. ಇಲ್ಲಿ ಕೊಂಕಣಿಗರು, ಘಾಟಿನವರು, ತೆಲುಗು ಕಾಮಾಟಿಗಳು, ಉತ್ತರ ಹಿಂದುಸ್ತಾನದ ನೇಕಾರರು, ನಮ್ಮ ಕರಾವಳಿಯವರು ಎಲ್ಲರೂ ಪಕ್ಕಪಕ್ಕದ ಚಾಳುಗಳಲ್ಲಿದ್ದರು.

1918ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯತಾ ನಿವಾರಣೆಯ ಅಖಿಲ ಭಾರತ ಪರಿಷತ್ತು ಸೇರಿತು. ಸಯಾಜಿರಾವ್ ಗಾಯಕವಾಡರು ಅಧ್ಯಕ್ಷರಾಗಿ ಬಂದರು. ಅದರ ಹಿಂದೆ ದುಡಿದವರು ಅದೇ ಜಮಖಂಡಿಯ ಶಿಂದೆ. ದೊಡ್ಡ ದೊಡ್ಡ ಹೆಸರುಗಳು ಅಸ್ಪೃಶ್ಯತೆಯ ವಿರುದ್ಧ ಮಾತಾಡಿದವು. ಏಳು ತಿಂಗಳ ಬಳಿಕ ಅದೇ ನಗರದ ಸಾವಿನ ಪಟ್ಟಿ ಆ ಮಾತುಗಳಿಗೆ ಬೇರೆಯದೇ ಒಂದು ಅಡಿಟಿಪ್ಪಣಿ ಬರೆಯಲಿತ್ತು.

ಗಿರಣಿಗಳಿಗೆ ಅದು ಸುಗ್ಗಿ. ಯುದ್ಧದಿಂದಾಗಿ ಲ್ಯಾಂಕಾಶೈರ್ ಬಟ್ಟೆ ಬರುವುದು ಕಡಿಮೆಯಾಗಿ, ಇಲ್ಲಿನ ಬಟ್ಟೆಗೆ ಬೇಡಿಕೆ ಏರಿತ್ತು. ಕೆಲಸಗಾರರಿಗೆ ತುಟ್ಟಿಯ ಭತ್ಯೆಯೆಂದು 1917ರ ಜುಲೈಯಲ್ಲಿ ನೂರಕ್ಕೆ 10, 1918ರ ಜನವರಿಯಲ್ಲಿ ನೂರಕ್ಕೆ 15 ಕೊಟ್ಟಿದ್ದರು. ಜೋಳ, ಸಜ್ಜೆ, ಅಕ್ಕಿ, ಸೀಮೆಎಣ್ಣೆ, ಬಟ್ಟೆಗಳ ಬೆಲೆ ಇದಕ್ಕಿಂತ ಎಷ್ಟೋ ಮುಂದೆ ಓಡಿತ್ತು. ಬಟ್ಟೆ ನೇಯುವವನಿಗೆ ಬಟ್ಟೆ ಕೊಳ್ಳಲು ಆಗದ ಕಾಲ. ಟಾಟಾ, ಕರೀಂಭಾಯ್ ಗಿರಣಿಗಳು ತಮ್ಮ ಕೆಲಸಗಾರರಿಗಾಗಿ ನಡೆಸಿದ ವರ್ಕ್‌ಮೆನ್ಸ್ ಇನ್‌ಸ್ಟಿಟ್ಯೂಟ್‌ಗಳ ಹೊಣೆ ಇದೇ ಹೊತ್ತಿಗೆ ಲೀಗಿನ ಕೈಗೆ ಬಂತು. ಹಣ ಮಾಲಿಕರದು, ಕೆಲಸ ಲೀಗಿನದು, ಬರುವವರು ಕೆಲಸಗಾರರು. ಈ ಮೂರರ ನಡುವಿನ ಗಂಟು ಆಗ ಯಾರಿಗೂ ಬಿಗಿ ಅನಿಸಿರಲಿಲ್ಲ.

ಜೂನ್, ಬಂದರಿನ ಕಡೆಯಿಂದ

ಜೂನ್ 10ರಂದು ಏಳು ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಅವರಲ್ಲೊಬ್ಬ ಬಂದರಿನ ಕಾವಲಿನವನು. ಸ್ವಲ್ಪ ದಿನದಲ್ಲೇ ಡಾಕಿನ ಕೂಲಿಗಳು, ಪೋರ್ಟ್ ಟ್ರಸ್ಟಿನವರು, ಬ್ಯಾಂಕಿನವರು, ತಾರು ಕಚೇರಿಯವರು, ಟಂಕಸಾಲೆಯವರು, ಗಿರಣಿಯವರು ಒಬ್ಬರ ಹಿಂದೊಬ್ಬರು ಮಲಗಿದರು. ಯುದ್ಧದ ಹಡಗುಗಳು ತಂದದ್ದೆಂದು ನಗರದ ಆರೋಗ್ಯಾಧಿಕಾರಿ ಟರ್ನರ್ ಅವರ ಅಭಿಪ್ರಾಯ. ಸರಕಾರ ಒಪ್ಪಲು ಹಿಂಜರಿಯಿತು. ಮುಂಬಯಿಯ ಕೊಳಕನ್ನೇ ದೂರಿತು.

ಜುಲೈ ಹೊತ್ತಿಗೆ ಜ್ವರ ಇಳಿಯಿತು. ಎದ್ದವರು ಕೆಲಸಕ್ಕೆ ಹೋದರು. ಮೂರು ದಿನದ ಜ್ವರವೆಂದು ಜನ ಮರೆತರು. ಆದರೆ ಆ ವರ್ಷ ಮಳೆ ಕೈಕೊಟ್ಟಿತು. ದಖ್ಖನ್ನಿನ ಹೊಲಗಳು ಒಣಗಿದವು. ಬೆಲೆ ಮತ್ತೊಮ್ಮೆ ಜಿಗಿಯಿತು. ಊರಿನಿಂದ ಕಾಳು ಬರುತ್ತಿದ್ದ ಮನೆಗಳಿಗೆ ಈಗ ಊರಿನಿಂದ ಜನರೇ ಬರತೊಡಗಿದರು. ಒಂದು ಖೋಲಿಯಲ್ಲಿ ನಾಲ್ಕು ಜನರಿದ್ದಲ್ಲಿ ಆರು ಜನ. ಎರಡನೆಯ ಅಲೆ ಬಂದು ಹೊಡೆದದ್ದು ಈ ಅರೆಹೊಟ್ಟೆಯ ಊರನ್ನು.

ಸೆಪ್ಟೆಂಬರಿನಿಂದ ನವೆಂಬರಿನವರೆಗೆ

ಸೆಪ್ಟೆಂಬರಿನಲ್ಲಿ ಮರಳಿದ ಜ್ವರ ಮೊದಲಿನದಲ್ಲ. ಅದು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಮುದುಕರು, ಹಸುಗೂಸುಗಳನ್ನಷ್ಟೇ ಒಯ್ಯದೆ, ಇಪ್ಪತ್ತರಿಂದ ನಲವತ್ತರೊಳಗಿನ ದುಡಿಯುವ ವಯಸ್ಸಿನವರನ್ನು ಹೆಚ್ಚಾಗಿ ಹಿಡಿಯಿತು. ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಕಾಯಿಲೆಯವರ ಪಕ್ಕ ಕೂತು ಗಂಜಿ ಕುಡಿಸುವವಳು ಅವಳೇ, ಕೊನೆಗೆ ಉಣ್ಣುವವಳೂ ಅವಳೇ. ಗಾಳಿಯಾಡದ ಖೋಲಿಯಲ್ಲಿ ದಿನವಿಡೀ ಇರುವವಳೂ ಅವಳೇ. ಅವಳು ಮಲಗಿದರೆ ಇಡೀ ಮನೆಗೆ ನೀರು ಕೊಡುವವರಿಲ್ಲ.

ಸ್ವಯಂಸೇವಕರ ಕೆಲಸ ಎಷ್ಟು ಸರಳವೋ ಅಷ್ಟೇ ಬೆಲೆಯುಳ್ಳದ್ದಾಯಿತು ಇಂಥಲ್ಲಿ. ಔಷಧಿ ಎಂದರೆ ಜ್ವರ, ಕೆಮ್ಮು ತಗ್ಗಿಸುವ ಮಿಶ್ರಣ ಅಷ್ಟೇ. ಅದು ವೈರಸ್ಸನ್ನು ಕೊಲ್ಲಲಿಲ್ಲ. ಇನ್‌ಫ್ಲುಯೆಂಜಾದ ವೈರಸ್ ಆಗಿನ್ನೂ ಪತ್ತೆಯಾಗಿರಲಿಲ್ಲ. ಆದರೆ ಮನೆಯವರೆಲ್ಲ ಒಟ್ಟಿಗೆ ಮಲಗಿದಾಗ ಹೊರಗಿನವನೊಬ್ಬ ಬಂದು ಬಿಸಿ ಹಾಲು ಕೊಟ್ಟರೆ, ಹೊದೆಯಲು ಕಂಬಳಿ ಕೊಟ್ಟರೆ, ಉಸಿರು ಕಟ್ಟಿದವನನ್ನು ಆಸ್ಪತ್ರೆಗೆ ಸಾಗಿಸಿದರೆ ಉಳಿಯುವ ಜೀವ ಉಳಿಯುತ್ತದೆ. ಶುಶ್ರೂಷೆಯೇ ಆ ವರ್ಷದ ಚಿಕಿತ್ಸೆ.

ಕೆಲಸ ಹಂಚಿಹೋಯಿತು. ಲೀಗ್ ಪರಿಹಾರದ ಕೆಲಸವನ್ನು ಸಂಘಟಿಸಿತು. ಹಿಂದೂ ವೈದ್ಯರ ಸಂಘ ಆಸ್ಪತ್ರೆ ನಡೆಸಿತು. ಬೇರೆ ಬೇರೆ ಸಮುದಾಯದ ಸಂಘಗಳು ತಂತಮ್ಮವರಿಗಾಗಿ ದವಾಖಾನೆ ತೆರೆದವು. ಮುನಸಿಪಾಲಿಟಿ ಇವರನ್ನೆಲ್ಲ ನೆಚ್ಚಿಕೊಂಡಿತು. ಭಾರತ ಸರಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ಆಮೇಲೆ ಬರೆದ ವರದಿಯಲ್ಲಿ, ವಿದ್ಯಾವಂತರು, ಉಳ್ಳವರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಡವರ ಸಹಾಯಕ್ಕೆ ಮುಂದೆ ಬಂದದ್ದು ಭಾರತದ ಇತಿಹಾಸದಲ್ಲಿ ಹಿಂದೆಂದೂ ಇರಲಿಕ್ಕಿಲ್ಲ ಎಂಬರ್ಥದ ಮಾತು ಹೇಳಿದ. ಹೊಗಳಿಕೆ ಸರಿಯೇ. ಆದರೆ ಅದನ್ನು ತಿರುಗಿಸಿ ಓದಿದರೆ ಇನ್ನೊಂದು ಅರ್ಥ ಬರುತ್ತದೆ. ಸರಕಾರ ಮಾಡಬೇಕಾದ್ದನ್ನು ಮಾಡಲು ಸರಕಾರ ಇರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಾಗಿಲು ಯಾಕೆ ತೆರೆಯಿತು? ಬಂದವರ ಕೈಯಲ್ಲಿ ಅಧಿಕಾರ ಇರಲಿಲ್ಲ, ಕೊಡಲು ಏನೋ ಇತ್ತು. ಅದಕ್ಕಿಂತ ಮುಖ್ಯವಾಗಿ, ಗಿರಣಿ ಭಾಗದಲ್ಲಿ ಅವರು ಹೊಸಬರಲ್ಲ. ಅಕ್ಟೋಬರಿನಲ್ಲಿ ಹುಟ್ಟಿಸಲಾಗದ ನಂಬಿಕೆಯನ್ನು ರಾತ್ರಿ ಶಾಲೆ, ಪುಸ್ತಕದ ಪೆಟ್ಟಿಗೆ, ಸಾಲದ ಲೆಕ್ಕಗಳು ಮೊದಲೇ ಹುಟ್ಟಿಸಿದ್ದವು. ಸಂಕಟ ಬಂದಾಗ ಸೇವಾಸಂಘ ಖರ್ಚು ಮಾಡುವುದು ಸಂಕಟವಿಲ್ಲದ ವರ್ಷಗಳಲ್ಲಿ ಕೂಡಿಟ್ಟದ್ದನ್ನು.

61.6 ಮತ್ತು 18.9

ಜ್ವರ ಇಳಿದ ಮೇಲೆ ಲೆಕ್ಕ ಹೊರಬಿತ್ತು. ಮುಂಬಯಿಯಲ್ಲಿ ಇನ್‌ಫ್ಲುಯೆಂಜಾದಿಂದ ಸತ್ತವರ ಪ್ರಮಾಣವನ್ನು ಆರೋಗ್ಯ ಇಲಾಖೆ ಜಾತಿ, ಮತದ ಪ್ರಕಾರ ಕೊಟ್ಟಿತು. ಸಾವಿರಕ್ಕೆ ಸತ್ತವರು: ಯುರೋಪಿಯನ್ನರಲ್ಲಿ 8.3, ಪಾರ್ಸಿಗಳಲ್ಲಿ 9, ಮುಸ್ಲಿಮರಲ್ಲಿ 19.2, ಹಿಂದೂಗಳಲ್ಲಿ 18.9. ಹಿಂದೂಗಳಲ್ಲೇ ‘ಕೆಳಜಾತಿ’ಯವರೆಂದು ಬೇರೆ ಸಾಲಿನಲ್ಲಿ ಬರೆದವರಲ್ಲಿ 61.6.

ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ವೈರಸ್ಸಿಗೆ ಜಾತಿ ತಿಳಿಯದು. ತಿಳಿದದ್ದು ಮನೆಗೆ, ನೀರಿಗೆ, ಊಟಕ್ಕೆ. ಕಸ ಎತ್ತುವವರು, ಮೋರಿ ತೊಳೆಯುವವರು, ಬಂದರಿನಲ್ಲಿ ಹೊರೆ ಹೊರುವವರು ಅತಿ ಕೆಟ್ಟ ಜಾಗಗಳಲ್ಲಿ ಇದ್ದರು, ಅತಿ ಕಡಿಮೆ ತಿನ್ನುತ್ತಿದ್ದರು, ಮಲಗಿದರೆ ಕೂಲಿ ಇಲ್ಲವೆಂದು ಜ್ವರದಲ್ಲೇ ಕೆಲಸಕ್ಕೆ ಹೋಗುತ್ತಿದ್ದರು.

ಪರಿಹಾರದ ರೀತಿಯಲ್ಲಿಯೂ ಇದಕ್ಕೆ ಕಾರಣವನ್ನು ಹುಡುಕಬೇಕಾಗುತ್ತದೆ. ಸಮುದಾಯದ ಸಂಘಗಳು ತಂತಮ್ಮವರನ್ನು ನೋಡಿಕೊಂಡವು ಎಂದೆ. ಶ್ರೀಮಂತ ಸಮುದಾಯಕ್ಕೆ ಶ್ರೀಮಂತ ಸಂಘ, ಅದಕ್ಕೊಂದು ಆಸ್ಪತ್ರೆ. ಬಡ ಸಮುದಾಯಕ್ಕೆ ಬಡ ಸಂಘ. ಸಂಘ ಕಟ್ಟುವಷ್ಟು ಅನ್ನವೂ ಅಕ್ಷರವೂ ಇಲ್ಲದವರಿಗೆ ಏನೂ ಇಲ್ಲ. ಎಲ್ಲರಿಗಾಗಿ ಎಂದು ಹೊರಟ ಲೀಗಿನಂಥ ಸಂಸ್ಥೆಗಳು ಕೆಲವೇ. ಅವುಗಳ ಸ್ವಯಂಸೇವಕರಲ್ಲಿ ಹೆಚ್ಚಿನವರೂ ಮೇಲುಜಾತಿಯವರೇ. ಅವರ ಪರಿಚಯ ಗಿರಣಿ ಚಾಳುಗಳಲ್ಲಿ ಗಟ್ಟಿ; ಕಸ ಎತ್ತುವವರ ಜೋಪಡಿಗಳಲ್ಲಿ ಅಷ್ಟಿರಲು ಸಾಧ್ಯವಿರಲಿಲ್ಲ. ಪರಿಚಯವೇ ಬಾಗಿಲು ತೆರೆಸಿದ್ದಾದರೆ, ಪರಿಚಯ ಇಲ್ಲದಲ್ಲಿ ಬಾಗಿಲು ತಟ್ಟುವವರೂ ಕಡಿಮೆ. ಸ್ವಯಂಸೇವೆಯ ಶಕ್ತಿ ಮತ್ತು ಮಿತಿ ಒಂದೇ ಬೇರಿನವು.

ಇಡೀ ದೇಶದಲ್ಲಿ ಸತ್ತವರು ಕಡಿಮೆಯೆಂದರೂ ಒಂದು ಕೋಟಿ ಇಪ್ಪತ್ತು ಲಕ್ಷ. ಒಂದೂಮುಕ್ಕಾಲು ಕೋಟಿಯವರೆಗೂ ಹೋಗುವ ಅಂದಾಜುಗಳಿವೆ. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆಯಾಗಿತ್ತು. ಗಣತಿಯ ಇತಿಹಾಸದಲ್ಲಿ ಅಂಥ ದಶಕ ಮತ್ತೆ ಬರಲಿಲ್ಲ.

ವರ್ಷ ಮುಗಿದದ್ದು ಹೇಗೆ

ನವೆಂಬರ್ 11ರಂದು ಯುದ್ಧ ನಿಂತಿತು. ಡಿಸೆಂಬರ್ 11ರಂದು ಟೌನ್ ಹಾಲಿನಲ್ಲಿ, ಹೋಗಲಿದ್ದ ಗವರ್ನರ್ ವಿಲಿಂಗ್ಡನ್ ಅವರಿಗೆ ಸ್ಮಾರಕ ಬೇಕೋ ಬೇಡವೋ ಎಂಬ ಸಭೆಯಲ್ಲಿ ಜಿನ್ನಾ ಮತ್ತವರ ಬೆಂಬಲಿಗರು ಗದ್ದಲ ಎಬ್ಬಿಸಿದರು. ಪತ್ರಿಕೆಗಳು ಅದನ್ನು ತುಂಬ ಬರೆದವು. ಗಿರಣಿಯ ಚಾಳುಗಳಲ್ಲಿ ಸೂತಕ ಕಳೆದಿತ್ತು, ಸಾಲ ಕಳೆದಿರಲಿಲ್ಲ. ಆಸ್ಪತ್ರೆ, ಅಂತ್ಯಕ್ರಿಯೆ, ಕೆಲಸ ತಪ್ಪಿದ ವಾರಗಳು ಎಲ್ಲವೂ ಬಡ್ಡಿಯ ಪುಸ್ತಕದಲ್ಲಿ ಬಿದ್ದಿದ್ದವು.

1919ರ ಜನವರಿ 9ರಂದು ಪರೇಲ್ ಕಡೆಯ ಸೆಂಚುರಿ ಮಿಲ್ಲಿನ ಕೆಲಸಗಾರರು ಹೊರಗೆ ಬಂದರು. ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟರು. ಮುಂಬಯಿಯ ಗಿರಣಿಗಳೆಲ್ಲ ಹೀಗೆ ಒಟ್ಟಿಗೆ ನಿಂತದ್ದು ಅದೇ ಮೊದಲು. ಅವರ ಹಿಂದೆ ದೊಡ್ಡ ಯೂನಿಯನ್ ಇರಲಿಲ್ಲ. ತುಟ್ಟಿ ಭತ್ಯೆ ನೂರಕ್ಕೆ 35ಕ್ಕೆ ಏರಿತು. ಮೂರು ತಿಂಗಳ ಹಿಂದೆ ಹಾಲಿನ ಪಾತ್ರೆ ಹಿಡಿದು ಬಂದವರಿಂದ ಪಡೆದುಕೊಂಡ ಕೈಗಳೇ ಈಗ ಕೇಳಿ ಪಡೆದವು.

ಲೀಗಿಗೆ ಇದು ಪರೀಕ್ಷೆ. ಇನ್‌ಸ್ಟಿಟ್ಯೂಟಿನ ಹಣ ಮಾಲಿಕರದು, ಲೀಗಿನ ಬಾಗಿಲಿಗೆ ಬರುವವರು ಮುಷ್ಕರ ಹೂಡಿದವರು. ಆಗ ಬಿಗಿ ಅನಿಸದ ಗಂಟು ಈಗ ಬಿಗಿಯಿತು. ಲೀಗ್ ಸೇವಾಸಂಘವಾಗಿಯೇ ಉಳಿಯಿತು, ಶಾಲೆ, ದವಾಖಾನೆ, ವಾಚನಾಲಯ ನಡೆಸಿತು. ಅದರ ಕಾರ್ಯದರ್ಶಿ ಲೀಗನ್ನು ಬಿಡದೆ, ಅದರ ಪಕ್ಕದಲ್ಲೇ ಇನ್ನೊಂದು ದಾರಿ ಹಿಡಿದರು. ಅದೇ 1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಜೋಶಿ ಭಾರತದ ನಿಯೋಗದೊಂದಿಗೆ ಹೋದರು. 1920ರಲ್ಲಿ ಎಐಟಿಯುಸಿ ಸ್ಥಾಪಿಸಿದವರಲ್ಲಿ ಒಬ್ಬರಾದರು.

ಚೆನ್ನೈಯ ಓದುಗರಿಗೆ ಇಲ್ಲೊಂದು ಕೊಂಡಿ ಇದೆ. ಮುಂಬಯಿಯಲ್ಲಿ ಜ್ವರ ಬರುವ ಮೊದಲೇ, 1918ರ ಏಪ್ರಿಲ್‌ನಲ್ಲಿ, ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಯ ಕೆಲಸಗಾರರಿಗಾಗಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತ್ತು. ಅದರ ನಾಯಕ ಬಿ. ಪಿ. ವಾಡಿಯಾ ಅವರ ಮೇಲೆ ಕಂಪನಿ ಹೈಕೋರ್ಟಿನಲ್ಲಿ ದಾವೆ ಹೂಡಿದಾಗ, ಯೂನಿಯನ್ ಕಟ್ಟುವುದೇ ಅಪರಾಧವಾಗಬಹುದೆಂಬ ಸ್ಥಿತಿ ಬಂತು. 1921ರ ಮಾರ್ಚ್‌ನಲ್ಲಿ ಕೇಂದ್ರ ಶಾಸನಸಭೆಯಲ್ಲಿ ಯೂನಿಯನ್ನುಗಳಿಗೆ ಕಾನೂನಿನ ರಕ್ಷಣೆ ಬೇಕೆಂಬ ಗೊತ್ತುವಳಿ ತಂದವರು ಜೋಶಿ. ಅದು ಬೆಳೆದು 1926ರ ಟ್ರೇಡ್ ಯೂನಿಯನ್ಸ್ ಕಾಯಿದೆಯಾಯಿತು. 1924ರಲ್ಲಿ ಅವರು ಹೆರಿಗೆ ಭತ್ಯೆಯ ಮಸೂದೆ ಮಂಡಿಸಿದರು. ಅದು ಬಿದ್ದುಹೋಯಿತು. 1929ರಲ್ಲಿ ಮುಂಬಯಿ ಪ್ರಾಂತ್ಯ ತನ್ನದೇ ಹೆರಿಗೆ ಭತ್ಯೆ ಕಾಯಿದೆ ಮಾಡಿತು.

1918ರ ಅಕ್ಟೋಬರ್ ಇಲ್ಲದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದು ಹೇಳುವುದು ಅತಿಯಾದೀತು. ಆದರೆ ಸಂಗತಿಗಳನ್ನು ಸಂಗ್ರಹಿಸುತ್ತೇವೆ, ಕೆಲಸದ ಪರಿಸ್ಥಿತಿ ತಿದ್ದುತ್ತೇವೆ ಎಂದು 1911ರಲ್ಲಿ ಬರೆದುಕೊಂಡವರು ಒಂದು ಖೋಲಿಯಲ್ಲಿ ಆರು ಜನ ಮಲಗಿದ್ದನ್ನು ಕಂಡ ಮೇಲೆ, ಕಂಬಳಿಯ ಆಚೆಗೆ ಯೋಚಿಸದಿರುವುದು ಕಷ್ಟ. ಹಾಲು ಒಂದು ವಾರ ಕೊಡಬಹುದು. ಹಾಲು ಕೊಳ್ಳುವಷ್ಟು ಕೂಲಿಯನ್ನು ಯಾವ ದಾನಿಯೂ ಕೊಡಲಾರ.

ಉಳಿದದ್ದು

ಚಂದಾವರ್ಕರರು 1923ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಜೋಶಿ 1955ರವರೆಗೆ ಬದುಕಿದ್ದರು. ಪರೇಲಿನಲ್ಲಿ ಲೀಗಿನ ದಾಮೋದರ ಹಾಲ್ 1922ರಲ್ಲಿ ಎದ್ದಿತು. ಗಿರಣಿ ಕೆಲಸಗಾರರ ನಾಟಕಗಳಿಗೆ, ಕೊಂಕಣದ ಆಟಗಳಿಗೆ ಅದು ಹಲವು ದಶಕ ಮನೆಯಾಯಿತು. ಗಿರಣಿಗಳು ಮುಚ್ಚಿದವು, ಅವುಗಳ ಜಾಗದಲ್ಲಿ ಗಾಜಿನ ಕಟ್ಟಡಗಳು ಬಂದವು. ಲೋವರ್ ಪರೇಲಿನ ರಸ್ತೆಗೆ ಎನ್. ಎಂ. ಜೋಶಿ ಮಾರ್ಗ ಎಂಬ ಹೆಸರು ಮಾತ್ರ ಹಾಗೇ ಇದೆ. ದಿನಾ ಆ ದಾರಿಯಲ್ಲಿ ಕೆಲಸಕ್ಕೆ ಹೋಗುವ ಕನ್ನಡಿಗರು ಇದನ್ನು ಓದುವವರಲ್ಲೂ ಇರಬಹುದು.

ಮುಂಬಯಿ ಕನ್ನಡಿಗರಿಗೆ ಈ ಕತೆ ಹೊರಗಿನದಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ಎಷ್ಟೋ ಸಂಘಗಳು ಇದೇ ನೆಲದಲ್ಲಿ ಬೆಳೆದವು. ಹೋಟೆಲಿನಲ್ಲಿ ಹಗಲಿಡೀ ದುಡಿದ ತುಳುನಾಡಿನ ಹುಡುಗರು ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತು ಮೆಟ್ರಿಕ್ ಪಾಸು ಮಾಡಿದ ಕತೆ ಈ ಊರಿನ ಹಳಬರ ಮನೆಗಳಲ್ಲಿ ಇನ್ನೂ ಕೇಳಸಿಗುತ್ತದೆ. ಜಾತಿಯ, ಊರಿನ, ಭಾಷೆಯ ಹೆಸರಿನ ಸಂಘಗಳು ಪರವೂರಿನಲ್ಲಿ ನಮ್ಮನ್ನು ಉಳಿಸಿವೆ. ಅದನ್ನು ಮರೆಯುವುದು ಕೃತಘ್ನತೆ. ಹಾಗೆಯೇ, ಯಾವ ಸಂಘದ ಪಟ್ಟಿಯಲ್ಲೂ ಹೆಸರಿಲ್ಲದವನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು 61.6 ಎಂಬ ಅಂಕಿ ಇಂದಿಗೂ ಕೇಳುತ್ತಿದೆ.

2020ರ ಬೇಸಿಗೆಯಲ್ಲಿ ನಮ್ಮ ನಗರಗಳಲ್ಲಿ ಅಡುಗೆ ಮಾಡಿ ಹಂಚಿದವರನ್ನು, ಹೆದ್ದಾರಿಯಲ್ಲಿ ನಡೆದು ಹೋಗುತ್ತಿದ್ದವರಿಗೆ ನೀರು ಕೊಟ್ಟವರನ್ನು ಎಲ್ಲರೂ ಕಂಡಿದ್ದೇವೆ. ಅವರಲ್ಲಿ ಸಂಕಟ ಬಂದ ಮೇಲೆ ಹೊರಟವರೂ ಇದ್ದರು, ವರ್ಷಗಳಿಂದ ಆ ಓಣಿಗಳಲ್ಲಿ ಪಾಠ ಹೇಳುತ್ತಲೋ ರೇಷನ್ ಕಾರ್ಡಿನ ಅರ್ಜಿ ತುಂಬುತ್ತಲೋ ಇದ್ದವರೂ ಇದ್ದರು. ಯಾವ ಮನೆಯಲ್ಲಿ ಒಲೆ ಹತ್ತಿಲ್ಲವೆಂದು ಮೊದಲು ಗೊತ್ತಾದದ್ದು ಈ ಎರಡನೆಯವರಿಗೆ. ಯಾವ ಓಣಿಯಲ್ಲಿ ಅಂಥವರು ಯಾರೂ ಇರಲಿಲ್ಲವೋ ಆ ಓಣಿಯ ಲೆಕ್ಕ ಯಾರ ಬಳಿಯೂ ಇಲ್ಲ.